ತಲೆದೆಸೆಯ ಪಟ್ಟಿ

"ಎಲ್ಲ ಸೇರಿದ್ರೂ ನಾವು ಹತ್ತೊಂಬತ್ತು ಜನ, ಸಿಸ್ಟರ್. ಮಿಷನ್ ಸೇವೆ ಅಂದ್ರೆ ದೊಡ್ಡ ಚರ್ಚಿನವರ ಕೆಲಸ," ಎಂದರು ಸಭೆಯ ಹಿರಿಯರು. ವಾರವಿಡೀ ಬಸ್ಸು ಓಡಿಸಿ ಭಾನುವಾರ ಆರಾಧನೆ ನಡೆಸುವ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಬೆಟ್ಟದಾಚೆಯ ಮಿಷನ್ ಆಸ್ಪತ್ರೆಯಿಂದ ಬಂದಿದ್ದ ನರ್ಸ್ ಪಟ್ಟು ಬಿಡಲಿಲ್ಲ. "ನಮ್ಮಲ್ಲಿ ಹೆಂಗಸರು ನೆಲದ ಮೇಲೇ ಹೆರ್ತಾರೆ, ಅಣ್ಣಾ. ಭಾಷಣ ಮಾಡೋರು ಬೇಕಾದಷ್ಟು ಜನ ಬಂದು ಹೋದ್ರು. ನೀವು ಕೈಲಾದದ್ದು ಮಾಡಿ, ಸಾಕು."

ಎಲ್ಲರಿಗೂ ಅದೇ ಹೊತ್ತಿಗೆ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುವ ಕೆಲಸ ಬಂತು. ಕೊನೆಗೆ ಹಿಂದಿನ ಬೆಂಚಿನಿಂದ ಬಡಗಿ ಎದ್ದ. "ಮರ ನನ್ನ ಹತ್ರ ಇದೆ, ಹೆರಿಗೆ ಮಂಚ ಮಾಡ್ತೀನಿ. ಆದ್ರೆ ಒಬ್ಬನೇ ಮಾಡಲ್ಲ. ಒಬ್ಬೊಬ್ಬರೂ ಒಂದೊಂದು ತುಂಡು ಉಜ್ಜಿ ನಯ ಮಾಡ್ಬೇಕು."

ಮುಂದಿನ ಭಾನುವಾರ ತಂದ ಮರವನ್ನು ಹತ್ತೊಂಬತ್ತು ತುಂಡಾಗುವಂತೆ ಅವನೇ ಯೋಚಿಸಿ ಕೊಯ್ದಿದ್ದ. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಮಾತ್ರ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನನ್ನನ್ನ ಬಿಟ್ಬಿಡಪ್ಪಾ. ಲೋಟ ಹಿಡಿದ್ರೆ ನೀರು ಚೆಲ್ಲತ್ತೆ. ದೇವರಿಗೂ ಬೇಡವಾದ ಕೈ ಇದು."

ಬಡಗಿ ತಲೆದೆಸೆಯ ಪಟ್ಟಿಯನ್ನು ಅವರ ಮಡಿಲಲ್ಲಿಟ್ಟ. "ಸ್ಯಾಂಡ್‌ಪೇಪರ್ ಹಿಡಿಯೋಕೆ ನಡುಗೋ ಕೈಯೇ ಬೇಕಜ್ಜಿ. ಅರ್ಧ ಕೆಲಸ ತಾನಾಗೇ ಆಗತ್ತೆ." ಅಜ್ಜಿ ನಕ್ಕುಬಿಟ್ಟರು. ಅದೊಂದು ಪಟ್ಟಿಗೆ ಅವರಿಗೆ ಮೂರು ಭಾನುವಾರ ಹಿಡಿಯಿತು.

ತುಂಡುಗಳು ಅದಲುಬದಲಾಗದಂತೆ ಬಡಗಿ ನಂಬರು ಹಾಕುವ ಬದಲು ಉಜ್ಜಿದವರ ಹೆಸರನ್ನೇ ಪೆನ್ಸಿಲಿನಲ್ಲಿ ಬರೆದಿದ್ದ: ಡ್ರೈವರಣ್ಣ, ಟೈಲರಕ್ಕ, ಅಜ್ಜಿ. ಮಂಚ ಒಯ್ಯುವ ಲಾರಿ ಬರುವ ಗಡಿಬಿಡಿಯಲ್ಲಿ ಅವನ್ನು ಅಳಿಸದೆಯೇ ವಾರ್ನಿಷ್ ಬಳಿದಿದ್ದ; ನೆನಪಾದಾಗ ಅದು ಒಣಗಿತ್ತು. ತನ್ನ ಕಸುಬಿಗೇ ಮಸಿ ಬಳಿದಂತಾಯಿತೆಂದು ಅವನು ಆ ವಾರವೆಲ್ಲ ಪೇಚಾಡಿದ.

ನಾಲ್ಕು ತಿಂಗಳಿಗೆ ಆಸ್ಪತ್ರೆಯ ನರ್ಸಿನಿಂದ ಕಾಗದ ಬಂತು. ಮಂಚದ ಕಾಲು ಸಡಿಲಾಗಿರಬೇಕೆಂದು ಬಡಗಿ ಹೆದರಿದ. ಹಿರಿಯರು ಆರಾಧನೆಯ ಕೊನೆಯಲ್ಲಿ ನಿಂತು ಓದಿದರು.

"ನಿಮ್ಮ ಮಂಚದ ಮೇಲೆ ಹನ್ನೊಂದು ಮಕ್ಕಳು ಹುಟ್ಟಿವೆ. ವಾರ್ನಿಷ್ ಕೆಳಗೆ ನಿಮ್ಮೆಲ್ಲರ ಹೆಸರು ಹಾಗೇ ಇದೆ. ದಿನಾ ಬೆಳಿಗ್ಗೆ ಮಂಚ ಒರೆಸುವಾಗ ಒಂದೊಂದೇ ಓದಿ ದೇವರಿಗೆ ಸ್ತೋತ್ರ ಹೇಳುತ್ತೇನೆ. ನೋವು ಜೋರಾದಾಗ ತಾಯಂದಿರು ಕೈ ಹಿಂದಕ್ಕೆ ಚಾಚಿ ತಲೆದೆಸೆಯ ಪಟ್ಟಿಯನ್ನೇ ಗಟ್ಟಿಯಾಗಿ ಹಿಡಿಯುತ್ತಾರೆ. ಇದುವರೆಗೆ ಯಾರ ಕೈಗೂ ಒಂದು ಸಿಬಿರು ಚುಚ್ಚಿಲ್ಲ. 'ಅಜ್ಜಿನ ಹಿಡ್ಕೊಳ್ಳಮ್ಮ' ಅಂತಲೇ ನಾನೀಗ ಹೇಳುವುದು."

ಹಿರಿಯರು ಕಾಗದ ಮಡಚಿ, "ಹತ್ತೊಂಬತ್ತೇ ಜನ ಅಂದಿದ್ದು ನಾನೇ. ದೇವರು ದೊಡ್ಡವನು," ಎಂದು ಕನ್ನಡಕ ಒರೆಸಿಕೊಂಡರು. ಬಡಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಬಡಗಿಯತ್ತ ಚಾಚಿದರು.

"ಅತ್ತಿದ್ದು ಸಾಕು, ಮುಂದಿನ ಮಂಚದ ಪಟ್ಟಿ ಕೊಡಪ್ಪಾ. ಕೈ ಹೇಗೂ ನಡುಗ್ತಾ ಇದೆ."