ಡ್ರೈವರಣ್ಣನ ಗೊರಕೆ

"ಬಸ್ ಹತ್ತೋರೆಲ್ಲ 'ನಿದ್ದೆ ಆಯ್ತಾ ಡ್ರೈವರೇ?' ಅಂತಾರೆ ಕಣಯ್ಯ," ಎಂದ ಕ್ಷೌರದ ಕುರ್ಚಿಯಲ್ಲಿ ಕೂತ ಬಸ್ ಡ್ರೈವರ್, ನಗುತ್ತಲೇ. "ನಿನ್ನೆ ಒಬ್ಬ ತಾಯಿ ನನ್ ಮುಖ ನೋಡಿದ್ದೇ, ಮಗೂನ ಎತ್ಕೊಂಡು ಇಳಿದೇಬಿಟ್ಲು." ಬೆಂಚಿನ ಮೇಲಿದ್ದ ಹೊಸ ಗಿರಾಕಿಗಳು ಕಿಸಕ್ಕೆಂದರು. ಎದುರಿಗೇ ಕನ್ನಡಿ, ಕ್ಷೌರಿಕನಿಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ.

ಪಾಳಿ ಮುಗಿಸಿ ಬಂದು, ಕತ್ತರಿಯ ಸದ್ದಿಗೇ ಬಾಯಿ ತೆರೆದು ಗೊರಕೆ ಹೊಡೆಯುವುದು ಡ್ರೈವರನ ವರ್ಷಗಳ ರೂಢಿ. ಹೋದ ವಾರ ಅದನ್ನೇ ಕ್ಷೌರಿಕನ ಭಾವಮೈದುನ ಮೊಬೈಲಿನಲ್ಲಿ ಹಿಡಿದು, 'ನಮ್ಮ ಕುರ್ಚಿಯ ಮಹಿಮೆ' ಎಂದು ಹರಿಬಿಟ್ಟಿದ್ದ. ಡ್ರೈವರನನ್ನೊಂದು ಮಾತು ಕೇಳಬೇಕಿತ್ತಲ್ಲ ಎಂದು ಕ್ಷೌರಿಕ ಗೊಣಗಿದ್ದು ನಿಜ. "ಬಿಟ್ಟಿ ಪ್ರಚಾರ ಭಾವ, ಸುಮ್ನಿರಿ!" ಅಂದಾಗ ಸುಮ್ಮನಾದದ್ದೂ ನಿಜ. ಆಮೇಲೆ ಲೈಕುಗಳು ಏರಿದಂತೆ ಅಂಗಡಿ ತುಂಬಿತು, ಅನುಮಾನವೂ ಇಳಿಯಿತು.

"ತಪ್ಪಾಯ್ತಣ್ಣ. ಇವತ್ತೇ ತೆಗೆಸ್ಬಿಡ್ತೀನಿ."

"ಆಯ್ತು ಬಿಡಯ್ಯ, ನಿನ್ ಕೆಲಸ ನೋಡು."

"ತಲೆಗೆ ನೀರು ಹೊಡೀತೀನಿ. ಕಣ್ಮುಚ್ಕೊಳ್ಳಣ್ಣ."

"ಪರವಾಗಿಲ್ಲ, ಹೊಡಿ."

ನೀರು ಹುಬ್ಬಿನಿಂದಿಳಿದು ಕಣ್ಣಿಗೇ ಹೋಯಿತು. ಡ್ರೈವರ್ ರೆಪ್ಪೆ ಮುಚ್ಚಲಿಲ್ಲ. ಕೆಂಪಗಾದ ಕಣ್ಣನ್ನು ಅಗಲಿಸಿಕೊಂಡು, ಕನ್ನಡಿಯಲ್ಲಿ ಕ್ಷೌರಿಕನ ಕೈಗಳನ್ನೇ ಕಾಯುತ್ತ ಕೂತ.