ಬಂದವರಿಗೆ ನೀರು

ಖಾನಾಪುರದ ಬಾಳವ್ವ ನಡುಗಿದ ರಭಸಕ್ಕೆ ಅರ್ಧ ಬೆಳಗಾವಿಯೇ ಅಲುಗಾಡಿತು ಎಂದರೂ ಕಡಿಮೆಯೇ. ಡಯಾಲಿಸಿಸ್ ಯಂತ್ರ ಹಚ್ಚಿ ತಾಸಾಗಿತ್ತಷ್ಟೆ. ಹೋದ ಸರ್ತಿಯೂ ಹೀಗೇ ಆಗಿತ್ತು. ಹಿರಿಯ ನರ್ಸ್ ಗುಲಶನ ಯಂತ್ರ ನಿಲ್ಲಿಸಿ, ಇದ್ದ ಕಂಬಳಿಗಳನ್ನೆಲ್ಲ ಹೊದಿಸಿದರು.

“ಓಂಕಾರ, ನೀರಿನ್ಯಾಗ ಏನರೆ ಐತೇನ ನೋಡಪಾ.”

ಯಂತ್ರಗಳಿಗೆ ಹೋಗುವ ನೀರನ್ನು ಶುದ್ಧ ಮಾಡುವವನೇ ಓಂಕಾರ. ಅವನಿಗೆ ಇದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ. “ನನ್ನ ನೀರಿನ್ಯಾಗ? ಸಿಸ್ಟರ್, ಸಾಕ್ಷಾತ್ ಗಂಗಾಮಾಯಿ ಬಂದ್ರೂ ಚಪ್ಪಲಿ ಹೊರಗ ಬಿಟ್ಟು ಬರಬೇಕು, ಅಂಥಾ ನೀರದು. ಈ ಯವ್ವಗ ಖಾನಾಪುರ ಬಸ್ಸಿನ್ಯಾಗ ಗಾಳಿ ಹೊಡದಿರಬೇಕು.”

“ಆ ಬಸ್ಸಿನ್ಯಾಗ ಹುಟ್ಟಿದಾಗಿಂದ ಅಡ್ಡಾಡೇನಿ, ಒಮ್ಮೀನೂ ನಡುಗಿಲ್ಲ,” ಎಂದಳು ಬಾಳವ್ವ ಕಂಬಳಿಯೊಳಗಿಂದ. “ಇನ್ನೊಮ್ಮೆ ಹಿಂಗಾದ್ರ ನಾ ಬರಾಂಗಿಲ್ಲ. ಮನ್ಯಾಗ ಸಾಯ್ತೀನಿ. ಬೆಚ್ಚಗರೆ ಇರ್ತೈತಿ.”

ಬರದಿದ್ದರೆ ಆಗುವುದು ಅದೇ. ಮೂವರಿಗೂ ಗೊತ್ತಿತ್ತು.

ಪರೀಕ್ಷೆಯಲ್ಲಿ ನೀರಿನೊಳಗೆ ಕ್ರಿಮಿ ಸಿಕ್ಕವು. ರೋಗಿಗಳನ್ನು ಬೇರೆ ಆಸ್ಪತ್ರೆಗೆ ಕಳಿಸಿ ಓಂಕಾರ ಯುದ್ಧಕ್ಕೇ ಇಳಿದ. ಯಂತ್ರಗಳನ್ನು ಸುತ್ತಿ ಬರುವ ಪೈಪಿನೊಳಗೆಲ್ಲ ಕ್ರಿಮಿ ಕೊಲ್ಲುವ ಔಷಧಿ ಓಡಿಸಿದ. ಆ ವಾಸನೆಗೆ ಗೋವೆಯವರೆಗಿನ ಸೊಳ್ಳೆಗಳು ಊರು ಬಿಟ್ಟವು. ಕ್ರಿಮಿಗಳು ಮಾತ್ರ ಮತ್ತೆ ಸಿಕ್ಕವು.

ಎಂದೂ ಓಂಕಾರನ ನೀರಿನ ಕೋಣೆಯತ್ತ ಹಾಯದ ಗುಲಶನ, ಅವನ ಬಾಡಿದ ಮುಖ ನೋಡಲಾರದೆ ಸಮಾಧಾನ ಹೇಳಲು ಅಲ್ಲಿಗೇ ಬಂದರು. ಬಂದವರಿಗೆ ಮೊದಲು ನೀರು ಕೊಡಬೇಕಲ್ಲ. ಓಂಕಾರ ಎದ್ದು, ಗೋಡೆಯ ಮೇಲೆ ಪಳಪಳ ಹೊಳೆಯುವ ನಳದಿಂದ ಲೋಟ ತುಂಬಿ ಚಾಚಿದ.

“ಈ ನಳ ಯಾವಾಗ ಬಂತು?”

“ಯುಗಾದಿಗೆ ನಾನ ಹಾಕ್ಸೇನ್ರಿ. ಬಂದವರು ಕುಡದು ನೋಡ್ಲಿ, ಎಂಥಾ ನೀರು ಅಂತ. ಒಬ್ಬರಿಗೂ ಏನೂ ಆಗಿಲ್ಲ.”

“ಹೊಟ್ಟಿ ತಡಕೊಂತೈತಿ, ಓಂಕಾರ. ರಕ್ತ ತಡಕೊಳ್ಳೂದಿಲ್ಲ. ಔಷಧಿ ಇದರಾಗೂ ಹೋಗೇತೇನು?”

ಓಂಕಾರ ಲೋಟ ಕೆಳಗಿಟ್ಟು ನಳದ ಹಿಂದೆ ಬಗ್ಗಿ ನೋಡಿದ. ದೊಡ್ಡ ಪೈಪಿನಿಂದ ನಳದವರೆಗೆ ಮೊಳದುದ್ದದ ಕವಲು. ಅತಿಥಿಗಳಿಲ್ಲದಾಗ ನೀರು ಅದರಲ್ಲೇ ನಿಂತು ಕೊಳೆಯುತ್ತಿತ್ತು. ಸುತ್ತು ಹೊಡೆದ ಔಷಧಿ ಅದರ ಬಾಯಿ ಸವರಿ ಮುಂದೆ ಹೋಗಿತ್ತು. ಕೊಯ್ದು ನೋಡಿದರೆ ಒಳಗೆಲ್ಲ ಬೆಂಡೆಕಾಯಿಯಂಥ ಲೋಳೆ.

ಕವಲು ತೆಗೆದು ಪೈಪನ್ನೆಲ್ಲ ಮತ್ತೆ ತೊಳೆದ ಮೇಲೆ ನೀರು ಪರೀಕ್ಷೆ ಗೆದ್ದಿತು. ಬಾಳವ್ವ ಒಂದೇ ಕಂಬಳಿಯಲ್ಲಿ ನಡುಗದೆ ಮಲಗಿದಳು. ಬಾಜು ಮಂಚದವರ ಮುಂದೆ ಓಂಕಾರನ ಎದೆ ಮತ್ತೆ ಉಬ್ಬಿತ್ತು. “ಯಾರಪ್ಪಗೂ ಸಿಗದ ಕ್ರಿಮಿ ರೀ. ಮೊಳದುದ್ದ ಪೈಪಿನ್ಯಾಗ ಅಡಗಿತ್ತು. ನಾ ಹಿಡದೆ.”

“ಹಿಡೀದ ಇರ್ತಾನೇನ್ರಿ,” ಎಂದಳು ಬಾಳವ್ವ ಕಣ್ಣು ಮುಚ್ಚಿಕೊಂಡೇ. “ಆ ಕ್ರಿಮಿಗೆ ಮನಿ ಕಟ್ಟಿಸಿ ಕೊಟ್ಟಾಂವ ಅಂವನ.”