ಫಡ್ ಕಾಯುವವಳು

"ಚೀಲ ಬಿಚ್ಚಿ, ಭೋಪಾಜಿ," ಎಂದಳು ಸಂಗ್ರಹದ ಉಸ್ತುವಾರಿ ವಸುಧಾ ಸಕ್ಲಾನಿ.

ದೆಹಲಿಯ ಕಲಾ ಕೇಂದ್ರದ ಗೇಟಿನಲ್ಲೇ ದೇವರ ಕಥೆ ಹಾಡುವ ಭೋಪಾ ಘೇವರರಾಮ್ ಉದ್ದನೆಯ ಚೀಲ ಬಿಚ್ಚಿದ. ಕೆಂಪು ನಿಲುವಂಗಿ, ಗೆಜ್ಜೆ, ರಾವಣಹತ್ತಾ ವಾದ್ಯ. ಚಾಕು ಇಲ್ಲ, ಕತ್ತರಿ ಇಲ್ಲ. ಆದರೂ ಅವಳ ಅನುಮಾನ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಸುತ್ತಿಟ್ಟರೆ ಆ ಚೀಲದಲ್ಲಿ ಒಂದು ಫಡ್ ಆರಾಮಾಗಿ ಹಿಡಿಯುತ್ತಿತ್ತು.

ಒಳಗೆ ಗೋಡೆಯುದ್ದಕ್ಕೂ ಇಳಿಬಿಟ್ಟಿದ್ದ ಪಾಬೂಜಿ ದೇವರ ಫಡ್, ಆ ಬಟ್ಟೆಯ ಚಿತ್ರಪಟ, ಇವನ ಅಜ್ಜನದು. ಹರಿದ ಫಡ್ ಅನ್ನು ಪುಷ್ಕರದ ನೀರಿಗೆ ಬಿಟ್ಟು 'ತಣ್ಣಗೆ ಮಾಡಬೇಕು', ಇಲ್ಲದಿದ್ದರೆ ದೇವರಿಗೆ ಬಿಡುಗಡೆಯಿಲ್ಲ ಎಂಬುದು ಇವರ ನಂಬಿಕೆ. ಕೊಡಿ ಕೊಡಿ ಎಂದು ವರ್ಷಗಟ್ಟಲೆ ಕೇಂದ್ರಕ್ಕೆ ಎಡತಾಕಿದವನು, ಈಗ ಚಿತ್ರೀಕರಣಕ್ಕೆ ಹಾಡಲು ಕರೆದರೆ ಫಡ್ ಬಗ್ಗೆ ತುಟಿಪಿಟಕ್ಕೆನ್ನದೆ ಬಂದಿದ್ದಾನೆ. ಇದರಲ್ಲೇನೋ ಮಸಲತ್ತಿದೆ!

ವಸುಧಾಳಿಗೆ ಆ ಫಡ್ ಎಂದರೆ ಜೀವ. ಚಿಂದಿಯಾಗಿದ್ದುದನ್ನು ರಾಜಸ್ಥಾನದ ಶಹಾಪುರದ ಚಿತ್ರಕಾರರ ಮನೆತನಕ್ಕೇ ಕಳಿಸಿ ಸರಿಮಾಡಿಸಿದ್ದಳು. ಹುಡುಕಿದರೂ ಒಂದು ತೇಪೆ ಕಾಣದು. ಅವಳಿಗೆ ಬಡ್ತಿ ಸಿಕ್ಕಿದ್ದೇ ಅದರಿಂದ. ಅದು ಕಳೆದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಘೇವರರಾಮ್ ಫಡ್ ಎದುರು ನಿಂತ. ಮೂಗು ತಾಗುವಷ್ಟು ಬಾಗಿ ದೇವರ ಕಣ್ಣುಗುಡ್ಡೆ ನೋಡಿದ. ಅಂಚು ಹಿಡಿದು ಮೂಸಿದ. ಹೆಂಡತಿ ಸುಗನಿಗೆ ಅದೇನೋ ಕಣ್ಸನ್ನೆ ಮಾಡಿದ. ಅವಳು ಸೆರಗಿನ ಮರೆಯಲ್ಲಿ ಕಿಸಕ್ಕನೆ ನಕ್ಕಳು.

"ಮುಟ್ಬೇಡಿ!" ವಸುಧಾ ಸಿಡುಕಿದಳು.

"ಆಯ್ತು ಬಾಯೀಸಾ. ನಿಮ್ದೇ ಅಲ್ವಾ, ನಾನ್ಯಾಕೆ ಮುಟ್ಲಿ?"

"ಮತ್ತೆ ಅವರಿಗೇನು ನಗು?"

"ನೀವು ಇಷ್ಟೊಂದು ಜೋಪಾನ ಮಾಡ್ತೀರಲ್ಲ, ಅದಕ್ಕೆ."

ಸುಗನಿ ದೀಪ ಹಿಡಿದಳು, ಅವನು ಕುಣಿದು ಹಾಡಿದ. ಕೇಂದ್ರದವರೆಲ್ಲ ಮೈಮರೆತರು. ವಸುಧಾ ಮಾತ್ರ ಹಾಡು ಕೇಳಲೇ ಇಲ್ಲ. ಅವನ ಕೈಗಳನ್ನೇ ಕಾದಳು. ಹೊರಡುವಾಗ ಮತ್ತೆ ಚೀಲ ಬಿಚ್ಚಿಸಿದಳು. ಏನೂ ಇಲ್ಲ. ಒಳಗೋಡಿ ನೋಡಿದಳು. ಫಡ್ ಗೋಡೆಯ ಮೇಲೇ ಇತ್ತು. ಅಬ್ಬಾ! ಜೀವ ಬಂದಂತಾಯಿತು, ಜೊತೆಗೇ ನಾಚಿಕೆಯೂ ಆಯಿತು.

"ತಪ್ಪು ತಿಳ್ಕೊಂಬಿಟ್ಟೆ, ಭೋಪಾಜಿ. ಈ ಸಲ ನೀವು ಫಡ್ ಕೇಳ್ಲೇ ಇಲ್ವಲ್ಲ, ಅದಕ್ಕೇ ಭಯ ಆಯ್ತು."

ಘೇವರರಾಮ್ ಚೀಲ ಹೆಗಲಿಗೇರಿಸಿ ಕೈಮುಗಿದ.

"ಇನ್ನೇನು ಕೇಳ್ಲಿ ಬಾಯೀಸಾ? ಹರಿದ ಫಡ್‌ಗೆ ಯಾವ ಚಿತ್ರಕಾರನಾದ್ರೂ ತೇಪೆ ಹಾಕ್ತಾನಾ? ನೀವು ಶಹಾಪುರಕ್ಕೆ ಕಳಿಸಿದ್ರಲ್ಲ, ಅವರೂ ನಾವೂ ಸೇರಿ ಆಗ್ಲೇ ಪುಷ್ಕರದಲ್ಲಿ ಅದನ್ನ ತಣ್ಣಗೆ ಮಾಡಿದ್ವಿ. ಇದು ಅವರು ನಿಮಗೋಸ್ಕರ ಹೊಸದಾಗಿ ಬರೆದು ಕೊಟ್ಟಿದ್ದು."